ಮ್ವಾಲಿಮು ಆಗಿ ಹೊರಡುವ ಮುನ್ನ: ಟಾಂಜಾನಿಯಾಕ್ಕೆ ಪಾಠ ಹೇಳಲು ಹೋಗುವ ಕೊಡಗಿನವರಿಗೆ

ವರ್ಷಕ್ಕೆ ನಾಲ್ಕೈದು ಜನ ನನಗೆ ಫೋನ್ ಮಾಡುತ್ತಾರೆ. ಒಬ್ಬರು ಸೋಮವಾರಪೇಟೆಯಿಂದ, ಇನ್ನೊಬ್ಬರು ಗೋಣಿಕೊಪ್ಪದಿಂದ. ಬಿ.ಎಡ್. ಮುಗಿಸಿ ಕೂತವರು, ಬೆಂಗಳೂರಿನ ಕೆಲಸ ಸಾಕಾಗಿ ಬಿಟ್ಟವರು, ಹೋದ ಸಲ ಒಬ್ಬ ನಿವೃತ್ತ ಮೇಷ್ಟ್ರು. ಎಲ್ಲರೂ ಮೊದಲು ಕೇಳುವುದು ವೀಸಾ ಬಗ್ಗೆ. ಹತ್ತು ನಿಮಿಷ ಕಳೆದ ಮೇಲೆ ನಿಜವಾದ ಪ್ರಶ್ನೆ ಹೊರಗೆ ಬರುತ್ತದೆ. "ಅಲ್ಲಿ ದಿನ ಹೇಗೆ ಕಳೆಯುತ್ತೆ? ಮಾತಾಡೋಕೆ ಯಾರಾದ್ರೂ ಸಿಗ್ತಾರಾ?"

ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ನಾನಿದ್ದದ್ದು ಟಾಂಜಾನಿಯಾದಲ್ಲಿ, ಮೋಶಿ ಪಟ್ಟಣದ ಮೇಲಿನ ಒಂದು ಹಳ್ಳಿಯಲ್ಲಿ, 11 ತಿಂಗಳು. ಕಿಲಿಮಂಜಾರೋ ಬೆಟ್ಟದ ತಪ್ಪಲು ಅದು. ಬೆಟ್ಟದ ಎತ್ತರ 5,895 ಮೀಟರ್. ತಪ್ಪಲಿನ ತುಂಬ ಕಾಫಿ ತೋಟ, ಕಾಫಿಗೆ ನೆರಳು ಬಾಳೆಯದು. ನಮ್ಮಲ್ಲಿ ರೋಬಸ್ಟಾ ಜಾಸ್ತಿ, ಅಲ್ಲಿ ಅರೇಬಿಕಾ. ಕೊಡಗಿನವರ ಕಣ್ಣಿಗೆ ಊರು ಅರ್ಧ ಪರಿಚಿತವಾಗಿಯೇ ಕಾಣುತ್ತದೆ. ಮೋಸ ಹೋಗುವುದೂ ಅಲ್ಲೇ. ಗಿಡ ಒಂದೇ ಆದ ಮಾತ್ರಕ್ಕೆ ರೀತಿ ರಿವಾಜು ಒಂದೇ ಅಲ್ಲ.

ಸ್ವಯಂಸೇವಕ ಶಿಕ್ಷಕ ಎಂದರೆ ಇಲ್ಲಿ ನಾನು ಹೇಳುವುದು ಸಂಬಳವಿಲ್ಲದೆ ಪಾಠ ಮಾಡುವವರನ್ನು. ವಸತಿ, ಕೆಲವೊಮ್ಮೆ ಊಟ, ಕೆಲವೊಮ್ಮೆ ಸಣ್ಣ ಕೈಖರ್ಚು ಸಿಗುತ್ತದೆ. ವಿಮಾನದ ಖರ್ಚು ಹೆಚ್ಚಾಗಿ ನಿಮ್ಮದೇ. ಬೇರೆ ದೇಶಕ್ಕೆ ಹೋಗುವವರಿಗೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬಂದೀತು.

1. ಮೊದಲು ಊರಿನಲ್ಲೇ ಒಂದು ತಿಂಗಳು ಪಾಠ ಮಾಡಿ

ಭಾಷೆ ಬಾರದ ಮಕ್ಕಳಿಗೆ ಪಾಠ ಹೇಳುವ ಅಭ್ಯಾಸಕ್ಕೆ ಆಫ್ರಿಕಾದವರೆಗೆ ಹೋಗಬೇಕಾಗಿಲ್ಲ. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರ ಮಕ್ಕಳಿದ್ದಾರೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡ ಗೊತ್ತಿಲ್ಲ, ನಿಮಗೆ ಅವರ ಭಾಷೆ ಗೊತ್ತಿಲ್ಲ. ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ, ವಾರಕ್ಕೆ ಮೂರು ಸಂಜೆ ಕೂತು ನೋಡಿ. ಕೈ ಸನ್ನೆ, ಚಿತ್ರ, ಹಾಡು, ಕಲ್ಲು, ಕಡ್ಡಿ ಇಟ್ಟುಕೊಂಡು ಒಂದು ಗಂಟೆ ನಿಭಾಯಿಸುವುದು ಎಷ್ಟು ಕಷ್ಟ ಅಂತ ಎರಡನೇ ದಿನವೇ ತಿಳಿಯುತ್ತದೆ. ತಿಂಗಳು ಮುಗಿಯುವುದರೊಳಗೆ ಸಾಕಪ್ಪಾ ಅನಿಸಿದರೆ ವಿಮಾನದ ದುಡ್ಡು ಉಳಿಯಿತು.

ಕಳಿಸುವ ಸಂಸ್ಥೆಯನ್ನು ಆರಿಸುವಾಗ ಎರಡು ಪ್ರಶ್ನೆ ಕೇಳಿ. ನಾನು ಬರುವುದರಿಂದ ಅಲ್ಲಿನ ಯಾವ ಶಿಕ್ಷಕರ ಕೆಲಸವೂ ಹೋಗುವುದಿಲ್ಲ ತಾನೇ? ನಾನು ಕಟ್ಟುವ ಹಣದಲ್ಲಿ ಶಾಲೆಗೆ ಎಷ್ಟು ಹೋಗುತ್ತದೆ? ಉತ್ತರ ಜಾರಿಕೊಂಡರೆ ನೀವೂ ಜಾರಿಕೊಳ್ಳಿ. ಅನಾಥಾಲಯದಲ್ಲಿ ಎರಡು ವಾರ ಮಕ್ಕಳನ್ನು ಆಡಿಸಿ, ಫೋಟೋ ತೆಗೆದುಕೊಂಡು ಬನ್ನಿ ಎನ್ನುವ ಜಾಹೀರಾತಿನ ಹತ್ತಿರವೂ ಸುಳಿಯಬೇಡಿ. ಆ ಮಕ್ಕಳನ್ನು ಹದಿನೈದು ದಿನಕ್ಕೊಬ್ಬರು ಬಂದು ಎತ್ತಿಕೊಳ್ಳುತ್ತಾರೆ, ಹದಿನೈದು ದಿನಕ್ಕೊಬ್ಬರು ಬಿಟ್ಟು ಹೋಗುತ್ತಾರೆ.

2. ಕಾಗದ, ಸೂಜಿ, ಮಾತ್ರೆ

ಇದನ್ನು ಬೇಗ ಮುಗಿಸುತ್ತೇನೆ.

ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಮಾಡಬೇಡಿ. ಟಾಂಜಾನಿಯಾದಲ್ಲಿ ಸ್ವಯಂಸೇವಕರಿಗೆ ವಾಸದ ಪರವಾನಗಿ ಬೇರೆ ಇದೆ, ಅದನ್ನು ಸಿ ವರ್ಗ ಎನ್ನುತ್ತಾರೆ. ಅದರ ಅರ್ಜಿಗೆ ಕರೆಸಿಕೊಳ್ಳುವ ಸಂಸ್ಥೆಯ ಪತ್ರ ಬೇಕು. "ಬನ್ನಿ, ಆಮೇಲೆ ನೋಡೋಣ" ಎನ್ನುವವರನ್ನು ನಂಬಿದರೆ ದಂಡ ಕಟ್ಟುವವರು ನೀವು. ಮಕ್ಕಳ ಜೊತೆಗಿನ ಕೆಲಸ ಆದ್ದರಿಂದ ಪೊಲೀಸ್ ಕ್ಲಿಯರೆನ್ಸ್, ಅಂದರೆ ನಿಮ್ಮ ಮೇಲೆ ಕೇಸಿಲ್ಲ ಎಂಬ ಪತ್ರವನ್ನೂ ಕೇಳುತ್ತಾರೆ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಅರ್ಜಿ ಹಾಕಬಹುದು.

ಹಳದಿ ಜ್ವರದ ಲಸಿಕೆ ಸಿಗುವುದು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು. ಹೋಗುವ ದೇಶದ ನಿಯಮ ಮಾತ್ರ ನೋಡಿದರೆ ಸಾಲದು, ದಾರಿಯಲ್ಲಿ ವಿಮಾನ ಬದಲಾಯಿಸುವ ದೇಶವನ್ನೂ ನೋಡಿ. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಕೇಳಬಹುದು. ಮಲೇರಿಯಾ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಶುರು ಮಾಡಿ, ಸೊಳ್ಳೆ ಪರದೆಯನ್ನು ಮಾತ್ರ ಒಂದು ರಾತ್ರಿಯೂ ಬಿಡಬೇಡಿ. ಊರಿಗೆ ಬಂದು ಎಷ್ಟೋ ವಾರ ಆದಮೇಲೆ ಜ್ವರ ಬಂದರೂ "ಆಫ್ರಿಕಾದಲ್ಲಿದ್ದೆ" ಅಂತ ವೈದ್ಯರಿಗೆ ಮೊದಲೇ ಹೇಳಿ. ಮಳೆಗಾಲದ ಜ್ವರ ಅಂತ ಕಷಾಯ ಕುಡಿದು ಮಲಗಬೇಡಿ.

3. ಪೆಟ್ಟಿಗೆಯಲ್ಲಿ ಏನಿರಲಿ

ಒಳ್ಳೆಯ ಛತ್ರಿ, ಜರ್ಕಿನ್. ಅಲ್ಲಿನ ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ, ಸಣ್ಣ ಮಳೆ ವರ್ಷದ ಕೊನೆಗೆ. ಪ್ಲಗ್ ಬದಲಿ ಕೊಂಡಿ ಬೇಕು, ಅಲ್ಲಿನದು ಚಪ್ಪಟೆ ಕಡ್ಡಿಯ ಮೂರು ಪಿನ್. ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಒಯ್ಯಬೇಡಿ. 2019ರ ಜೂನ್‌ನಿಂದ ಆ ದೇಶದಲ್ಲಿ ಅದು ನಿಷೇಧ, ಪ್ರವಾಸಿಗರಿಗೂ ವಿನಾಯಿತಿ ಇಲ್ಲ. ಬಟ್ಟೆ ಚೀಲದಲ್ಲಿ ತುಂಬಿಕೊಳ್ಳಿ.

ಉಡುಗೊರೆಗೆ ನಮ್ಮ ಕರಿಮೆಣಸು, ಏಲಕ್ಕಿ, ಹುರಿದು ಪುಡಿ ಮಾಡಿದ ಕಾಫಿ ಸಾಕು. ಹಸಿ ಬೀಜ, ಸಸಿ, ಗಿಡದ ತುಂಡು ಬೇಡವೇ ಬೇಡ. ಒಂದು ದೇಶದ ಗಿಡದ ರೋಗ ಇನ್ನೊಂದಕ್ಕೆ ಹೋಗುವುದೇ ಹೀಗೆ. ತೋಟದವರಾಗಿ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಕಾಚಂಪುಳಿ ಬಾಟಲಿ ಒಯ್ಯುವುದಾದರೆ ಮುಚ್ಚಳಕ್ಕೆ ಮೇಣ ಹಾಕಿ. ನನ್ನ ಎರಡು ಸೀರೆ ಅದರಿಂದಲೇ ಹಾಳಾದವು.

4. ಮೊದಲ ವಾರ: ನಮಸ್ಕಾರ ಬಿಟ್ಟು ಬೇರೇನೂ ಕಲಿಯಬೇಡಿ

ನಾವು ಹೊಸ ಊರಿಗೆ ಹೋದರೆ "ಎಷ್ಟು?", "ಎಲ್ಲಿ?", "ಬಸ್ ಯಾವಾಗ?" ಎನ್ನುವುದನ್ನು ಮೊದಲು ಕಲಿಯುತ್ತೇವೆ. ಅಲ್ಲಿ ಅದು ತಲೆಕೆಳಗು. ನಮಸ್ಕಾರ ಮುಗಿಸದೆ ಬೆಲೆ ಕೇಳಿದರೆ ಒರಟು ಅಂತ ತಿಳಿಯುತ್ತಾರೆ.

ಹಿರಿಯರಿಗೆ "ಶಿಕಮೋ" ಎನ್ನಬೇಕು. ಕಾಲು ಹಿಡಿಯುತ್ತೇನೆ ಎಂಬ ಅರ್ಥದಿಂದ ಬಂದ ಮಾತು ಅಂತ ಹೇಳುತ್ತಾರೆ. ಅವರು "ಮರಹಬಾ" ಎಂದು ಒಪ್ಪಿಸಿಕೊಳ್ಳುತ್ತಾರೆ. ಹಬ್ಬದಲ್ಲಿ ಮನೆಯ ಹಿರಿಯರ ಕಾಲು ಹಿಡಿದು ಬೆಳೆದ ನಮಗೆ ಇದು ಸುಲಭವಾಗಿ ಕೂರುತ್ತದೆ. ನಿಮಗಿಂತ ಹತ್ತು ವರ್ಷ ದೊಡ್ಡವರು ಕಂಡರೂ ಹೇಳಿಬಿಡಿ, ನಷ್ಟವಿಲ್ಲ. ಶಾಲೆಯಲ್ಲಿ ಮಕ್ಕಳು ಎದ್ದು ನಿಂತು "ಶಿಕಮೋ ಮ್ವಾಲಿಮು" ಎಂದಾಗ ನೀವು "ಮರಹಬಾ" ಎನ್ನಬೇಕು. ಮ್ವಾಲಿಮು ಎಂದರೆ ಶಿಕ್ಷಕ. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಮೊದಲು ಶಾಲಾ ಶಿಕ್ಷಕರಾಗಿದ್ದವರು. ಜನ ಇವತ್ತಿಗೂ ಅವರನ್ನು ಮ್ವಾಲಿಮು ಎಂದೇ ಕರೆಯುತ್ತಾರೆ. ಹಾಗಾಗಿ ಆ ಪದಕ್ಕೆ ಒಂದು ತೂಕ ಇದೆ. ಸಂತೆಯಲ್ಲಿ ನಿಂತು ಗಟ್ಟಿಯಾಗಿ ಜಗಳ ಆಡುವ ಮ್ವಾಲಿಮುವನ್ನು ಊರು ಮರೆಯುವುದಿಲ್ಲ.

ಓರಗೆಯವರಿಗೆ "ಹಬಾರಿ". ನಮ್ಮ ಹಳೇ ಮಾತಿನ "ಖಬರು" ಇದೆಯಲ್ಲ, ಅದೇ ಮೂಲ. ಬೆಳಿಗ್ಗೆಯ ಖಬರು ಏನು, ಮನೆಯ ಖಬರು ಏನು, ಕೆಲಸದ ಖಬರು ಏನು ಅಂತ ಒಂದಾದ ಮೇಲೆ ಒಂದು ಬರುತ್ತವೆ. ಎಲ್ಲಕ್ಕೂ "ನ್ಜೂರಿ", ಚೆನ್ನಾಗಿದೆ. ಮನೆಯಲ್ಲಿ ತೊಂದರೆ ಇದ್ದರೂ ಮೊದಲು ನ್ಜೂರಿ, ಆಮೇಲೆ ವಿಷಯ. ಯಾರ ಮನೆಗೆ ಹೋದರೂ ಅಂಗಳದಲ್ಲೇ ನಿಂತು "ಹೋಡಿ" ಎಂದು ಕೂಗಿ. "ಕರಿಬು" ಎಂದು ಒಳಗಿನಿಂದ ಉತ್ತರ ಬರುವವರೆಗೆ ಮೆಟ್ಟಿಲು ಹತ್ತಬೇಡಿ. ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲಿ. ಅದು ನಮ್ಮಲ್ಲೂ ಹಾಗೆಯೇ.

ಕರೆಯುವ ಪದಗಳಲ್ಲಿ ಒಂದು ಗೊಂದಲ ಇದೆ. ಅಲ್ಲಿ "ದಾದಾ" ಎಂದರೆ ಅಕ್ಕ, "ಕಾಕಾ" ಎಂದರೆ ಅಣ್ಣ, "ಮಾಮಾ" ಎಂದರೆ ತಾಯಿ. ನನ್ನನ್ನು ಮೊದಲ ದಿನ ಹುಡುಗನೊಬ್ಬ "ದಾದಾ" ಎಂದಾಗ ನಾನು ಯಾರಿಗೆ ಏನು ರೌಡಿಸಂ ಮಾಡಿದೆ ಅಂತ ಯೋಚಿಸಿದೆ. ಮಕ್ಕಳಿರುವ ಹೆಂಗಸನ್ನು ಅವರ ಮಗುವಿನ ಹೆಸರು ಸೇರಿಸಿ, ಇಂಥವರ ತಾಯಿ ಎಂದು ಕರೆಯುವುದು ಮರ್ಯಾದೆ. ಬರೀ ಹೆಸರು ಹಿಡಿದು ಕರೆಯಬೇಡಿ.

ಭಾಷೆ ಕಲಿಯಲು ಒಂದು ಉಪಾಯ. ಸ್ವಾಹಿಲಿ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಅ, ಎ, ಇ, ಒ, ಉ ಎಂಬ ಐದೇ ಸ್ವರ. ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ. ನಾವು ಬ್ಯಾಂಕನ್ನು ಬ್ಯಾಂಕು ಮಾಡಿಕೊಂಡ ಹಾಗೆ ಅವರು ಬೆಂಕಿ ಮಾಡಿಕೊಂಡಿದ್ದಾರೆ. ಹೌದು, ಬೆಂಕಿ ಅಂದರೆ ಬ್ಯಾಂಕ್! ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಙ ಅಕ್ಷರಕ್ಕೂ ಅಲ್ಲಿ ಕೆಲಸ ಸಿಗುತ್ತದೆ. ದನಕ್ಕೆ ಅಲ್ಲಿ ಙೊಂಬೆ. ಲಕ್ಷಕ್ಕೆ ಲಾಕಿ, ಅಂಗಡಿಗೆ ದುಕಾ, ಗಾಡಿಗೆ ಗಾರಿ, ಚಪಾತಿಗೆ ಚಪಾತಿ. ಮೂರು ತಿಂಗಳು ದಿನಕ್ಕೆ ಹತ್ತು ಪದ ಬರೆದರೆ ಸಂತೆ ವ್ಯವಹಾರ ಮಾಡಬಹುದು.

5. ಗಡಿಯಾರ ತಿರುಗಿಸಿ

ಇದು ಗೊತ್ತಿಲ್ಲದೆ ಎಲ್ಲರೂ ಒಂದು ಸಲ ಬೀಳುವ ಗುಂಡಿ. ಸ್ವಾಹಿಲಿಯಲ್ಲಿ ಗಂಟೆಯ ಲೆಕ್ಕ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಿಗ್ಗೆ 7 ಅವರಿಗೆ ಒಂದು ಗಂಟೆ. ನಮ್ಮ 10 ಅವರಿಗೆ ನಾಲ್ಕು. "ನಾಲ್ಕು ಗಂಟೆಗೆ ಮನೆಗೆ ಬಾ" ಎಂದರೆ ಬೆಳಿಗ್ಗೆ 10ಕ್ಕೆ. ನಾನು ಸಂಜೆ 4ಕ್ಕೆ ಹೋದೆ, ಅಡುಗೆ ಮಾಡಿಟ್ಟು ಕಾದು ಅವರು ಊಟ ಮುಗಿಸಿ ಪಾತ್ರೆ ತೊಳೆದಿದ್ದರು. ಆರು ಗಂಟೆ ಕೂಡಿಸಿ ಅಥವಾ ಕಳೆಯಿರಿ, ಅನುಮಾನ ಬಂದರೆ ಬೆಳಿಗ್ಗೆಯೋ ಸಂಜೆಯೋ ಅಂತ ಕೇಳಿ. ಇಂಗ್ಲಿಷಿನಲ್ಲಿ ಹೇಳುವಾಗ ಕೆಲವರು ನಮ್ಮ ಲೆಕ್ಕದಲ್ಲೇ ಹೇಳುತ್ತಾರೆ, ಅದು ಇನ್ನೊಂದು ಗೊಂದಲ.

6. ಊಟ, ನೀರು, ಓಡಾಟ

ದಿನದ ಊಟ ಉಗಾಲಿ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಗಟ್ಟಿ ಮಾಡುತ್ತಾರೆ. ಕುಶಾಲನಗರ ಕಡೆಯ ಮುದ್ದೆ ತಿನ್ನುವವರಿಗೆ ಕೈ ತಾನಾಗಿ ಓಡುತ್ತದೆ, ಆದರೆ ನುಂಗಬೇಡಿ, ಅಗಿಯಿರಿ. ಜೊತೆಗೆ ಮ್ಚೀಚಾ, ಅಂದರೆ ನಮ್ಮ ದಂಟಿನ ಸೊಪ್ಪಿನ ಬಳಗ. ಮಹರಾಗೆ ಎಂದರೆ ಕಾಳಿನ ಪಲ್ಯ. ಸಣ್ಣ ಒಣ ಮೀನಿಗೆ ದಗಾ. ಬೆಳಿಗ್ಗೆ ಚಹಾ ಜೊತೆ ಮಾಂದಾಜಿ, ಮಂಗಳೂರು ಬನ್ಸಿನ ದೂರದ ನೆಂಟ. ಕಾಫಿ ಬೆಳೆಯುವವರ ಮನೆಯಲ್ಲೂ ಕೊಡುವುದು ಹೆಚ್ಚಾಗಿ ಚಹಾವೇ.

ರಾಗಿಗೆ ಅಲ್ಲಿ ಉಲೇಜಿ ಎನ್ನುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾವೇ, ನಮ್ಮಲ್ಲಿಗೆ ಬಂದದ್ದು ಅಲ್ಲಿಂದ. ರಾಗಿ ಗಂಜಿ ಸಿಗುತ್ತದೆ, ಹೊಟ್ಟೆ ಕೆಟ್ಟಾಗ ಅದೇ ಗತಿ. ಬಾಳೆಹಣ್ಣು, ರಾಗಿ ಸೇರಿಸಿ ಕಟ್ಟುವ ಮ್ಬೇಗೆ ಎಂಬ ನಾಟಿ ಬಿಯರ್ ಕೂಡ ಇದೆ. ಚಾಗ್ಗಾ ಜನರ, ಅಂದರೆ ಆ ತಪ್ಪಲಿನ ಮೂಲ ನಿವಾಸಿಗಳ ಸಮಾರಂಭಗಳಲ್ಲಿ ಅದು ಬೇಕೇ ಬೇಕು. ಒಂದು ಗುಟುಕು ಮರ್ಯಾದೆಗೆ. ಜಾಸ್ತಿ ಆದರೆ ನಿಮ್ಮ ಜವಾಬ್ದಾರಿ.

ಮಾಂಸ ತಿನ್ನುವವರು ಎಚ್ಚರವಾಗಿ ಕೇಳಿ. ಬರೀ "ನ್ಯಾಮಾ" ಎಂದರೆ ಹೆಚ್ಚಾಗಿ ದನದ ಮಾಂಸ. ಅದು ಬೇಡವಾದರೆ ಆಡಿಗೆ ಮ್ಬೂಜಿ, ಕೋಳಿಗೆ ಕೂಕು ಎನ್ನಿ. ಪಂದಿ ಕರಿ ನೆನಪಾಗಿ ಕಣ್ಣಲ್ಲಿ ನೀರು ಬರುವವರಿಗೆ ಸಮಾಧಾನದ ಸುದ್ದಿ: ಹಂದಿ ಮಾಂಸವೂ ಸಿಗುತ್ತದೆ, ಆಡುಮಾತಿನಲ್ಲಿ ಕಿತಿಮೋಟೊ. ಆದರೆ ಮುಸ್ಲಿಂ ಗೆಳೆಯರ ಮನೆಯಲ್ಲಿ ಆ ಮಾತು ಎತ್ತಬೇಡಿ. ಸಸ್ಯಾಹಾರಿಗಳು ಬದುಕಬಹುದು, ಕಾಳು ಸೊಪ್ಪಿಗೆ ಬರವಿಲ್ಲ. "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಮೀನು, ಕೋಳಿ, ಸಾರಿನ ತುಂಡು ಎಲ್ಲವನ್ನೂ ಒಂದೊಂದಾಗಿ ಹೆಸರಿಸಿ ಬೇಡ ಎನ್ನಿ.

ನೀರು ಕುದಿಸಿಯೇ ಕುಡಿಯಿರಿ. ಓಡಾಡಲು ದಲದಲ ಎಂಬ ಮಿನಿಬಸ್. ಶನಿವಾರಸಂತೆಯ ಜೀಪಿನಲ್ಲಿ ನೇತಾಡಿ ಬೆಳೆದವರಿಗೆ ಹೊಸದಲ್ಲ. ಇಳಿಯಬೇಕಾದಾಗ "ಶುಶಾ" ಎಂದು ಕೂಗಿ. ಬೈಕ್ ಟ್ಯಾಕ್ಸಿಗೆ ಬೋಡಾ ಬೋಡಾ. ರಾತ್ರಿ ಹೊತ್ತು, ಮಳೆಯಲ್ಲಿ, ಹೆಲ್ಮೆಟ್ ಇಲ್ಲದೆ ಹತ್ತಬೇಡಿ.

ಫೋನ್ ಸಿಮ್ ಪಾಸ್‌ಪೋರ್ಟ್ ತೋರಿಸಿ, ಬೆರಳಚ್ಚು ಕೊಟ್ಟು ನಿಮ್ಮ ಹೆಸರಿನಲ್ಲೇ ತೆಗೆದುಕೊಳ್ಳಿ. ನಮ್ಮ ಫೋನ್‌ಪೇ ಹಳ್ಳಿಯ ದುಕಾದಲ್ಲಿ ನಡೆಯುವುದಿಲ್ಲ. ಅಲ್ಲಿ ಎಂ-ಪೆಸಾ ಮೊದಲಾದ ಮೊಬೈಲ್ ಹಣ. ಪೆಸಾ ಎಂದರೆ ದುಡ್ಡು. ಬೀದಿ ಬದಿಯ ವಕಾಲಾ, ಅಂದರೆ ಏಜೆಂಟ್, ನಗದು ತೆಗೆದುಕೊಂಡು ಫೋನಿಗೆ ತುಂಬುತ್ತಾರೆ. ಪಿನ್ ಯಾರಿಗೂ ಹೇಳಬೇಡಿ, ಸಹಾಯ ಮಾಡಲು ಬಂದವರಿಗೂ.

7. ಶಾಲೆಯಲ್ಲಿ

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಸ್ವಾಹಿಲಿಯಲ್ಲಿ. ಸೆಕೆಂಡರಿಗೆ ಹೋದ ತಕ್ಷಣ ಎಲ್ಲವೂ ಇಂಗ್ಲಿಷ್. ಮನೆಯಲ್ಲಿ ಮಾತಾಡುವುದು ಚಾಗ್ಗಾ ಭಾಷೆ. ಅಂದರೆ ಮಗು ಮೂರು ಮೆಟ್ಟಿಲು ಹತ್ತಬೇಕು. ಕೊಡವ ತಕ್ಕ್ ಅಥವಾ ಅರೆಭಾಷೆಯ ಮನೆಯಿಂದ ಕನ್ನಡ ಶಾಲೆಗೆ, ಅಲ್ಲಿಂದ ಇಂಗ್ಲಿಷ್ ಕಾಲೇಜಿಗೆ ಹೋದ ನಮಗೆ ಆ ಮಗುವಿನ ಮುಖ ಓದಲು ಬರುತ್ತದೆ. ಮಗು ಬಾಯಿ ಬಿಡದಿದ್ದರೆ ದಡ್ಡ ಅಂತ ತಿಳಿಯಬೇಡಿ. ಉತ್ತರ ತಲೆಯಲ್ಲಿ ಇರುತ್ತದೆ, ಭಾಷೆ ಇನ್ನೂ ಬಂದಿರುವುದಿಲ್ಲ.

ತರಗತಿ ದೊಡ್ಡದು. ನನ್ನ ತರಗತಿಯಲ್ಲಿ 70 ಮಕ್ಕಳಿದ್ದರು, ಪಠ್ಯಪುಸ್ತಕ ಮೂವರಿಗೊಂದು. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಯೋಚನೆ ಬಿಡಿ. ಸೀಮೆಸುಣ್ಣ, ಗಟ್ಟಿ ಧ್ವನಿ, ಗುಂಪಿನಲ್ಲಿ ಹೇಳಿಸುವುದು, ಇಷ್ಟೇ ಸಾಮಾನು. ಶಾಲಾ ವರ್ಷ ಜನವರಿಯಲ್ಲಿ ಶುರು, ಜೂನ್ ಮತ್ತು ಡಿಸೆಂಬರ್ ಹೊತ್ತಿಗೆ ರಜೆ. ನಮ್ಮ ಹಾಗೆ ಜೂನಿನಲ್ಲಿ ಹೋಗಿ ಇಳಿದರೆ ಬೀಗ ಹಾಕಿದ ಗೇಟು ನೋಡುತ್ತೀರಿ.

ಕಷ್ಟದ ವಿಷಯ ಬೆತ್ತ. ಅಲ್ಲಿನ ಶಾಲೆಗಳಲ್ಲಿ ಹೊಡೆಯುವುದನ್ನು ಕಾನೂನು ಪೂರ್ತಿ ನಿಷೇಧಿಸಿಲ್ಲ, ಬೆತ್ತ ದಿನವೂ ಕಣ್ಣಿಗೆ ಬೀಳುತ್ತದೆ. "ನಾನು ಹೊಡೆಯುವುದಿಲ್ಲ, ನನ್ನ ತರಗತಿಯ ಮಕ್ಕಳನ್ನು ಹೊಡೆಯಲು ಕಳಿಸುವುದೂ ಇಲ್ಲ" ಎಂದು ಮೊದಲ ದಿನವೇ ಮುಖ್ಯ ಶಿಕ್ಷಕರಿಗೆ ಒಬ್ಬರೇ ಇದ್ದಾಗ ಹೇಳಿಬಿಡಿ. ಮಕ್ಕಳ ಎದುರು ಸಹೋದ್ಯೋಗಿಯ ಕೈ ಹಿಡಿಯಲು ಹೋಗಬೇಡಿ. ನೀವು ಹೋದ ಮೇಲೆ ಆ ಸಿಟ್ಟು ತೀರುವುದು ಮಕ್ಕಳ ಮೇಲೆ. ನಮ್ಮ ಶಾಲೆಗಳಲ್ಲೂ ಬೆತ್ತ ಬಿಟ್ಟು ಬಹಳ ಕಾಲವೇನೂ ಆಗಿಲ್ಲ, ಆದ್ದರಿಂದ ಉಪದೇಶದ ಧ್ವನಿ ನಮಗೆ ಒಪ್ಪುವುದಿಲ್ಲ.

ಬಿಡುವಿನ ಚಹಾ ತಪ್ಪಿಸಬೇಡಿ. ಆ ಹೊತ್ತಿನಲ್ಲಿ ನೋಟ್ಸ್ ತಿದ್ದುತ್ತಾ ಕೂತರೆ ಶ್ರದ್ಧೆ ಅಂತ ಯಾರೂ ಮೆಚ್ಚುವುದಿಲ್ಲ, ಜಂಬ ಅಂತ ತಿಳಿಯುತ್ತಾರೆ. ಸಹೋದ್ಯೋಗಿಯ ಇಂಗ್ಲಿಷ್ ತಪ್ಪನ್ನು ಮಕ್ಕಳ ಮುಂದೆ ತಿದ್ದುವುದೂ ಬೇಡ. ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕುವ ಮುನ್ನ, ನಿಮ್ಮ ಮಗುವಿನ ಫೋಟೋವನ್ನು ಯಾರೋ ಹೊರಗಿನವರು ಹಾಗೆ ಹಾಕಿದರೆ ಒಪ್ಪುತ್ತೀರಾ ನೋಡಿಕೊಳ್ಳಿ.

8. ಗೆಳೆತನ: ಮುಯ್ಯಿ ಮಾಡಿ

ನೀವೆಲ್ಲ ಕೇಳುವ ಪ್ರಶ್ನೆ ಇದೇ. ನನ್ನ ಉತ್ತರಕ್ಕೆ ಹೊಸ ಪದ ಬೇಡ, ಮುಯ್ಯಿ ಸಾಕು.

ನಾಟಿ ಸಮಯದಲ್ಲಿ ಮುಯ್ಯಾಳು ಹೋಗುತ್ತಿದ್ದುದು ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮದುವೆಯಲ್ಲಿ ಮುಯ್ಯಿ ಓದಿಸಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ, ಅವರ ಮನೆಯ ಮದುವೆಗೆ ತೀರಿಸುತ್ತೇವೆ. ಲೆಕ್ಕ ಪೂರ್ತಿ ಚುಕ್ತಾ ಆಗಿಬಿಟ್ಟರೆ ಸಂಬಂಧಕ್ಕೆ ನೆಪವೇ ಇಲ್ಲ.

ಸ್ವಯಂಸೇವಕರು ಎಡವುವುದು ಇಲ್ಲಿಯೇ. ಕೊಡಲು ಹೋಗುತ್ತಾರೆ. ಪಾಠ ಕೊಡುತ್ತಾರೆ, ಪೆನ್ಸಿಲ್ ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ. ಯಾರ ಹತ್ತಿರವೂ ಏನನ್ನೂ ಕೇಳುವುದಿಲ್ಲ. ಆರು ತಿಂಗಳಾದರೂ ಅವರು ಊರಿನ ಅತಿಥಿಗಳಾಗಿಯೇ ಉಳಿಯುತ್ತಾರೆ. ನಾನು ಮೊದಲ ಎರಡು ತಿಂಗಳು ಮಾಡಿದ್ದೂ ಅದನ್ನೇ. ಎಲ್ಲವನ್ನೂ ಪಟ್ಟಣದಿಂದ ತಂದಿಟ್ಟುಕೊಂಡು, ಯಾರಿಗೂ ತೊಂದರೆ ಕೊಡದೆ ಇದ್ದೆ. ಒಂದು ಸಂಜೆ ಸೀಮೆಎಣ್ಣೆ ಖಾಲಿಯಾಗಿ ಪಕ್ಕದ ಮನೆಯ ಅಂಗಳದಲ್ಲಿ ನಿಂತು ಹೋಡಿ ಎಂದೆ. ಮಾರನೇ ದಿನ ಆ ಮನೆಯಾಕೆ ನನ್ನಲ್ಲಿ ಉಪ್ಪು ಕೇಳಲು ಬಂದರು. ಅವರ ಮನೆಯಲ್ಲಿ ಉಪ್ಪು ಇತ್ತು ಅಂತ ನನಗೆ ಇವತ್ತಿಗೂ ಅನುಮಾನ.

ಮಾಡಬೇಕಾದದ್ದು ಇಷ್ಟು. ಮೊದಲ ವಾರವೇ ಒಂದು ಸಣ್ಣ ವಸ್ತು ಕಡ ಕೇಳಿ. ಜರಡಿ, ಕತ್ತಿ, ಬಕೆಟ್, ಏನಾದರೂ. ಒಂದು ಕೆಲಸ ಹೇಳಿಕೊಡಿ ಅಂತ ಕೇಳಿ. ಕಾಂಗಾ ಎಂಬ ಬಣ್ಣದ ಬಟ್ಟೆ ಉಡುವುದು, ಉಗಾಲಿ ತಿರುವುವುದು, ಬಟ್ಟೆ ಒಗೆಯುವುದು. ನೀವು ಉಗಾಲಿ ತಿರುವುವಾಗ ನಾಲ್ಕು ಜನ ನಿಂತು ನಗುತ್ತಾರೆ, ನಗಲಿ. ಕಾಂಗಾದ ಅಂಚಿನಲ್ಲಿ ಒಂದು ಗಾದೆಯೋ ನುಡಿಯೋ ಅಚ್ಚಾಗಿರುತ್ತದೆ. ಉಡುವ ಮೊದಲು ಅರ್ಥ ಕೇಳಿಕೊಳ್ಳಿ. ಕೆಲವು ನುಡಿ ಸವತಿಗೋ ಹೊಟ್ಟೆಕಿಚ್ಚಿನ ನೆರೆಯವರಿಗೋ ಚುಚ್ಚಲು ಬರೆದಂಥವು. ಅರ್ಥ ಕೇಳುವುದೇ ಒಂದು ಗಂಟೆಯ ಮಾತಿಗೆ ದಾರಿ.

ಮದುವೆಗೆ ಅಲ್ಲೂ ಮುಯ್ಯಿ ಇದೆ, ಆದರೆ ಮುಂಗಡ. ಮ್ಚಾಂಗೊ ಎನ್ನುತ್ತಾರೆ, ವಂತಿಗೆ ಅಂತ ಅರ್ಥ. ಮದುವೆಗೆ ಸಮಿತಿ ಮಾಡಿ, ಬಂಧುಗಳು, ಸಹೋದ್ಯೋಗಿಗಳು, ಪರಿಚಿತರು ಎಲ್ಲರಿಂದ ಮೊದಲೇ ಹಣ ಕೂಡಿಸುತ್ತಾರೆ. ನಿಮಗೂ ಕಾರ್ಡ್ ಬರುತ್ತದೆ. ವಿದೇಶಿ ಅಂತ ಸುಲಿಯುತ್ತಿದ್ದಾರೆ ಎಂದು ತಿಳಿಯಬೇಡಿ, ನಿಮ್ಮನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಉಳಿದ ಶಿಕ್ಷಕರು ಎಷ್ಟು ಕೊಡುತ್ತಾರೆ ಅಂತ ಒಬ್ಬರನ್ನು ಕೇಳಿ ಅಷ್ಟೇ ಕೊಡಿ. ಜಾಸ್ತಿ ಕೊಟ್ಟರೆ ಅವರು ತೀರಿಸಲಾಗದ ಮುಯ್ಯಿ ಹೊರಿಸಿದ ಹಾಗೆ.

ಸಾವಿಗೆ ತಪ್ಪದೆ ಹೋಗಿ. ಇದನ್ನು ಎರಡು ಸಲ ಓದಿ. ಊರಿನಲ್ಲಿ ಒಂದು ಸಾವಾದರೆ ಎಲ್ಲರೂ ಹೋಗಿ ಕೂರುತ್ತಾರೆ, ನಮ್ಮಲ್ಲಿ ಹೋಗುವ ಹಾಗೆಯೇ. ಹೆಂಗಸರು ಅಡುಗೆಗೆ ಕೈ ಹಾಕುತ್ತಾರೆ, ಗಂಡಸರು ಮರದಡಿ ಬೆಂಚು ಹಾಕಿ ಕೂರುತ್ತಾರೆ. ರಂಬಿರಂಬಿ ಎಂದು ಸಂತಾಪದ ಹಣ ಕೊಡುತ್ತಾರೆ. "ಪೋಲೆ" ಎಂದರೆ ಸಾಕು, ಅಯ್ಯೋ ಪಾಪ, ನಿಮ್ಮ ಕಷ್ಟ ನನಗೆ ತಿಳಿಯುತ್ತದೆ ಎಂದೆಲ್ಲ ಆ ಒಂದು ಪದದಲ್ಲಿದೆ. ಎಡವಿ ಬಿದ್ದವರಿಗೂ ಪೋಲೆ, ದಣಿದು ಬಂದವರಿಗೂ ಪೋಲೆ. ಪರಿಚಯ ಕಡಿಮೆ, ಯಾಕೆ ಹೋಗಲಿ ಅಂತ ಯೋಚಿಸಬೇಡಿ. ಹೋಗಿ ಒಂದು ಗಂಟೆ ಸುಮ್ಮನೆ ಕೂತು ಬನ್ನಿ. ಅದಾದ ಮೇಲೆ ದಾರಿಯಲ್ಲಿ ನಿಮ್ಮನ್ನು ಮಾತಾಡಿಸುವವರ ಸಂಖ್ಯೆ ಹೆಚ್ಚಾಗುವುದನ್ನು ನೀವೇ ನೋಡುತ್ತೀರಿ.

ಭಾರತೀಯರ ಬಗ್ಗೆ ಒಂದು ಮಾತು. ಮೋಶಿ, ಅರುಷಾ, ದಾರ್ ಎಸ್ ಸಲಾಮ್ ಪಟ್ಟಣಗಳಲ್ಲಿ ತಲೆಮಾರುಗಳಿಂದ ನೆಲೆಸಿದ ಗುಜರಾತಿ ಮೂಲದ ಕುಟುಂಬಗಳಿವೆ. ಅಂಗಡಿ, ವ್ಯಾಪಾರ ಅವರದು. ಹಾಗಾಗಿ ನಿಮ್ಮನ್ನು ನೋಡಿದವರು "ಮ್ಹಿಂದಿ, ನಿನ್ನ ಅಂಗಡಿ ಎಲ್ಲಿ?" ಎನ್ನಬಹುದು. ಮ್ಹಿಂದಿ ಎಂದರೆ ಭಾರತೀಯ. ಅದರ ಹಿಂದೆ ಇತಿಹಾಸ ಇದೆ. 1971ರಲ್ಲಿ ಬಾಡಿಗೆ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಪೆಟ್ಟು ಹೆಚ್ಚಾಗಿ ಬಿದ್ದದ್ದು ಇವರಿಗೆ. ಎರಡೂ ಕಡೆ ಹಳೆಯ ಮಾತುಗಳಿವೆ. ನೀವು ಯಾವ ಕಡೆಯ ವಕೀಲರೂ ಆಗಬೇಡಿ. ತಿಂಗಳಿಗೊಮ್ಮೆ ಅವರ ಮನೆಯ ದಾಲ್ ಚಾವಲ್ ತಿಂದು ಬನ್ನಿ, ತಪ್ಪಿಲ್ಲ. ವಾರ ವಾರವೂ ಅಲ್ಲೇ ಕಳೆದರೆ ಹಳ್ಳಿಯಲ್ಲಿ ಮುಯ್ಯಿ ಹುಟ್ಟುವುದಿಲ್ಲ.

ಹೆಣ್ಣುಮಕ್ಕಳಿಗೆ: ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಚೂಡಿದಾರ್ ಎಲ್ಲಕ್ಕಿಂತ ಅನುಕೂಲ. ಮದುವೆ ಆಗ್ತೀಯಾ ಎಂದು ದಲದಲದಲ್ಲಿ ಕೂತವರೂ ಕೇಳುತ್ತಾರೆ, ಅರ್ಧ ತಮಾಷೆ. "ಅಪ್ಪನನ್ನು ಕೇಳಿ, ಕೊಡಗಿನಲ್ಲಿದ್ದಾರೆ" ಎಂದು ನಕ್ಕು ಮುಗಿಸಿ. ತಮಾಷೆ ಮೀರಿದರೆ ಊರಿನ ಒಬ್ಬ ಹಿರಿಯ ಹೆಂಗಸಿಗೆ ಹೇಳಿ. ಮುಖ್ಯ ಶಿಕ್ಷಕರಿಗಿಂತ ಬೇಗ ಕೆಲಸ ಆಗುತ್ತದೆ.

9. ದುಡ್ಡು ಕೇಳಿದಾಗ

ಕೇಳುತ್ತಾರೆ. ನೀವು ಸಂಬಳವಿಲ್ಲದೆ ಬಂದಿದ್ದೀರಿ ಎಂದರೆ ನಂಬುವುದಿಲ್ಲ. ವಿಮಾನ ಹತ್ತಿ ಬಂದವರ ಹತ್ತಿರ ದುಡ್ಡಿಲ್ಲ ಎಂದರೆ ನಮ್ಮೂರಿನವರಾದರೂ ನಂಬುತ್ತಾರಾ?

2016ರಿಂದ ಅಲ್ಲಿ ಸರ್ಕಾರಿ ಶಾಲೆಗಳಲ್ಲಿ ಪ್ರಾಥಮಿಕದಿಂದ ಫಾರ್ಮ್ 4ರವರೆಗೆ, ಅಂದರೆ ಸೆಕೆಂಡರಿಯ ನಾಲ್ಕನೇ ವರ್ಷದವರೆಗೆ ಶುಲ್ಕವಿಲ್ಲ. ಆದರೂ ಸಮವಸ್ತ್ರ, ನೋಟ್‌ಬುಕ್, ಊಟದ ಖರ್ಚು ಇದ್ದೇ ಇರುತ್ತದೆ. ಆದ್ದರಿಂದ ಕೇಳಿದವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ.

ನನ್ನ ನಿಯಮ ಹೀಗಿತ್ತು. ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಬೇರೆ ಇಟ್ಟೆ. ಅದು ಮುಗಿದರೆ "ಈ ತಿಂಗಳದ್ದು ಮುಗಿಯಿತು". ಶಾಲೆಯ ಮಗುವಿನ ವಿಷಯವಾದರೆ ಕೈಗೆ ಕೊಡದೆ ಶಾಲೆಯ ಮೂಲಕ ಕೊಟ್ಟೆ. ಗೆಳೆಯರಿಗೆ ಸಾಲ ಕೊಡುವಾಗ ವಾಪಸ್ ಬಾರದಿದ್ದರೂ ಗೆಳೆತನ ಕೆಡದಷ್ಟೇ ಕೊಟ್ಟೆ. ಇಲ್ಲ ಎನ್ನಬೇಕಾದಾಗ ಮುಖಕ್ಕೆ ಹೊಡೆದ ಹಾಗೆ "ಹಪಾನಾ" ಎನ್ನಬೇಡಿ. "ಸದ್ಯಕ್ಕೆ ಇಲ್ಲ" ಎಂದರೆ ಅವರಿಗೆ ಅರ್ಥವಾಗುತ್ತದೆ. "ಕೇಶೋ", ನಾಳೆ, ಎಂದು ಮಾತ್ರ ಹೇಳಬೇಡಿ. ನಾಳೆ ನಿಜವಾಗಿಯೂ ಬರುತ್ತಾರೆ.

10. ಎರಡನೇ ತಿಂಗಳ ಬೇಜಾರು, ಮನೆಯ ಫೋನು

ಮೊದಲ ತಿಂಗಳು ಎಲ್ಲ ಹೊಸದು. ಎರಡನೆಯದರಲ್ಲಿ ಅಕ್ಕಿ ರೊಟ್ಟಿ ಕನಸಿನಲ್ಲಿ ಬರುತ್ತದೆ. ಇದು ಎಲ್ಲರಿಗೂ ಆಗುತ್ತದೆ, ನಿಮ್ಮಲ್ಲಿ ಕೊರತೆ ಏನೂ ಇಲ್ಲ. ಅಕ್ಕಿ ಹಿಟ್ಟು ಮಾಡಿಸಿ ಕಡಂಬುಟ್ಟು ಮಾಡಲು ನೋಡಿ, ಪಕ್ಕದ ಮನೆಯವರನ್ನು ಕರೆಯಿರಿ. ಕೆಟ್ಟರೂ ಒಂದು ಸಂಜೆ ಕಳೆಯುತ್ತದೆ. ಮೂರು ವಾರ ನಿದ್ದೆ, ಊಟ ಎರಡೂ ಸರಿಯಾಗದಿದ್ದರೆ ಸಂಸ್ಥೆಯವರಿಗೆ ಹೇಳಿ, ವಾಪಸ್ ಬರುವ ಮಾತನ್ನೂ ಆಡಿ. ಅರ್ಧಕ್ಕೆ ಬಂದವರನ್ನು ಯಾರೂ ಗಲ್ಲಿಗೆ ಹಾಕುವುದಿಲ್ಲ.

ಟಾಂಜಾನಿಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 7 ಆದಾಗ ಇಲ್ಲಿ ರಾತ್ರಿ 9:30. ದಿನವೂ ಫೋನ್ ಬೇಡ. ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ.

ಕೊಡಗಿನವರು ಮಾಡಲೇಬೇಕಾದ ಒಂದು ಏರ್ಪಾಡು ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ಎಷ್ಟೋ ದಿನ. 2018ರ ಆಗಸ್ಟ್‌ನ ಭೂಕುಸಿತ ನೆನಪಿರುವ ಯಾರಿಗೂ, ದೂರದಲ್ಲಿ ಕೂತು "ಕೊಡಗಿನಲ್ಲಿ ಭಾರಿ ಮಳೆ" ಎಂಬ ಸುದ್ದಿ ಓದಿ, ಮನೆಗೆ ಫೋನ್ ಹೋಗದಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹೊರಡುವ ಮೊದಲೇ ಮೂರು ನಂಬರ್ ಬರೆದಿಟ್ಟುಕೊಳ್ಳಿ. ಮನೆಯ ಹತ್ತಿರದ ಒಬ್ಬರದು, ಪಟ್ಟಣದಲ್ಲಿ ಜನರೇಟರ್ ಇರುವ ಅಂಗಡಿಯವರದು, ಮೈಸೂರಿನ ಅಥವಾ ಬೆಂಗಳೂರಿನ ನೆಂಟರದು. ಮನೆಯವರು ದಾರಿ ಸಿಕ್ಕ ಕೂಡಲೇ ಮೂರನೆಯವರಿಗೆ ಒಂದು ಸುದ್ದಿ ಮುಟ್ಟಿಸಬೇಕು, ನೀವು ಅವರನ್ನು ಮಾತ್ರ ಕೇಳಬೇಕು.

11. ಕೊನೆಯ ತಿಂಗಳು

ಹೊರಡುವ ದಿನಾಂಕವನ್ನು ಮಕ್ಕಳಿಗೆ ಒಂದು ತಿಂಗಳು ಮೊದಲೇ ಹೇಳಿ. "ಮುಂದಿನ ವರ್ಷ ಬರ್ತೀನಿ" ಅಂತ ಸುಮ್ಮನೆ ಹೇಳಬೇಡಿ. ಅವರು ಲೆಕ್ಕ ಇಡುತ್ತಾರೆ. ನೀವು ಮಾಡಿದ ಚಾರ್ಟು, ಪಾಠದ ಟಿಪ್ಪಣಿ ಎಲ್ಲವನ್ನೂ ಮುಂದಿನ ಶಿಕ್ಷಕರ ಕೈಗೆ ಕೊಟ್ಟು, ಎಲ್ಲಿ ನಿಲ್ಲಿಸಿದೆ ಅಂತ ತೋರಿಸಿ.

ದುಕಾದ ಸಾಲ ತೀರಿಸಿ. ಕಡ ತಂದ ಪಾತ್ರೆ ವಾಪಸ್ ಕೊಡುವಾಗ ಖಾಲಿ ಕೊಡಬೇಡಿ, ನಮ್ಮಲ್ಲಿ ಕೊಡುವುದಿಲ್ಲವಲ್ಲ. ಒಂದು ಹಿಡಿ ಸಕ್ಕರೆ ಹಾಕಿ. ಬಟ್ಟೆ, ಬಕೆಟ್, ಸೊಳ್ಳೆ ಪರದೆ ಹಂಚುವಾಗ ಬಾಗಿಲು ತೆರೆದಿಟ್ಟು ಬನ್ನಿ ಅನ್ನಬೇಡಿ, ಜಗಳ ಆಗುತ್ತದೆ. ಯಾರಿಗೆ ಯಾವುದು ಅಂತ ಚೀಟಿ ಹಚ್ಚಿ ಒಬ್ಬೊಬ್ಬರ ಮನೆಗೇ ಒಯ್ದು ಕೊಡಿ.

ಊರಿಗೆ ಬಂದ ಮೇಲೆ ಮೊದಲ ವಾರದಲ್ಲೇ ಒಂದು ಫೋನ್ ಮಾಡಿ, ಮುಟ್ಟಿದೆ ಅಂತ. ಆಮೇಲೆ ಅವರ ಕಡೆಯ ಮದುವೆಯ ಮ್ಚಾಂಗೊ ಕಾರ್ಡ್ ವಾಟ್ಸಾಪಿನಲ್ಲಿ ಬರಲು ಶುರುವಾಗುತ್ತದೆ. ನನಗೆ ಹೋದ ತಿಂಗಳೂ ಒಂದು ಬಂತು. ಉಪ್ಪು ಕೇಳಲು ಬಂದಿದ್ದರಲ್ಲ, ಅವರ ಮಗಳ ಮದುವೆ.